ಕೊಂಡಿ, ಕೊಕ್ಕೆ, ತಿರುಪು

ಬೆಂಗಳೂರಿನ ನಗರ್ತಪೇಟೆ, ಅವೆನ್ಯೂ ರಸ್ತೆಯ ಗಲ್ಲಿಗಳಲ್ಲಿ ಬೆಳ್ಳಿ ಒಡವೆಯ ಜೊತೆಗೆ ಒಡವೆಯ ಬಿಡಿಭಾಗಗಳೂ ಸಿಗುತ್ತವೆ. ಗುಂಡು, ಮಣಿ, ಸಣ್ಣ ರಿಂಗು, ಕಿವಿಯೋಲೆಯ ಕೊಕ್ಕೆ, ತಿರುಪು, ಸರದ ಕೊಂಡಿ, ಸುರುಳಿ ಸುತ್ತಿದ ತಂತಿ, ಎಲ್ಲವೂ ಪುಟ್ಟ ಪ್ಲಾಸ್ಟಿಕ್ ಕವರಿನಲ್ಲಿ, ಗ್ರಾಂ ಲೆಕ್ಕದಲ್ಲಿ. ಹಿಂದೆ ಇವುಗಳ ಗಿರಾಕಿಗಳೆಂದರೆ ಅಕ್ಕಸಾಲಿಗರು ಮತ್ತು ಸರ ಪೋಣಿಸಿಕೊಡುವ ಪಟವೇಗಾರರು. ಈಗ ಟೆರಾಕೋಟಾ ಓಲೆ, ರೇಷ್ಮೆ ದಾರದ ಜುಮಕಿ, ಮಣಿಸರ ಮಾಡಿ ಮಾರುವ ಗೃಹಿಣಿಯರು, ಕಾಲೇಜು ಹುಡುಗಿಯರು, ಕೆಲಸದಿಂದ ನಿವೃತ್ತರಾದವರು ಕೂಡ ಅದೇ ಗಾಜಿನ ಕಪಾಟಿನ ಮುಂದೆ ನಿಲ್ಲುತ್ತಾರೆ. ಅವರ ಪ್ರಶ್ನೆಗಳು ಬಹುತೇಕ ಒಂದೇ. ಇದು ಅಸಲಿ ಬೆಳ್ಳಿಯೇ? 92.5 ಎಂದರೇನು? ಎಷ್ಟು ದಪ್ಪದ ತಂತಿ ತಗೋಬೇಕು? ಕಪ್ಪಾದರೆ ಏನು ಮಾಡಬೇಕು? ವ್ಯಾಪಾರದ ಗಡಿಬಿಡಿಯಲ್ಲಿ ಸಿಗುವ ಉತ್ತರವೂ ಒಂದೇ: "ಪ್ಯೂರ್ ಸಿಲ್ವರ್ ಮೇಡಂ, ಗ್ಯಾರಂಟಿ."

ಆ ಉತ್ತರದಲ್ಲೇ ಮೊದಲ ತೊಡಕಿದೆ. ಪೂರ್ತಿ ಶುದ್ಧ ಬೆಳ್ಳಿಯಿಂದ ಕೊಕ್ಕೆ ಮಾಡಿದರೆ ಅದು ಕೆಲಸಕ್ಕೆ ಬಾರದು. ಶುದ್ಧ ಬೆಳ್ಳಿ ಬಲು ಮೆತ್ತನೆಯ ಲೋಹ. ಬೆರಳಿನಲ್ಲಿ ಒತ್ತಿದರೆ ತಂತಿ ಬಾಗಿಬಿಡುತ್ತದೆ, ಸರದ ಭಾರಕ್ಕೆ ರಿಂಗು ಬಾಯಿ ಬಿಡುತ್ತದೆ. ಹಾಗಾಗಿ ನೂರು ಪಾಲಿನಲ್ಲಿ 92.5 ಪಾಲು ಬೆಳ್ಳಿ, ಉಳಿದ 7.5 ಪಾಲು ಸಾಮಾನ್ಯವಾಗಿ ತಾಮ್ರ ಬೆರೆಸುತ್ತಾರೆ. ಇದೇ ಸ್ಟರ್ಲಿಂಗ್ ಬೆಳ್ಳಿ. ಇಂಗ್ಲೆಂಡಿನಲ್ಲಿ 1300ರಲ್ಲೇ ಮೊದಲನೇ ಎಡ್ವರ್ಡ್ ದೊರೆ ಬೆಳ್ಳಿ ಸಾಮಾನು ಈ ಮಟ್ಟಕ್ಕಿಂತ ಕಡಿಮೆ ಇರಕೂಡದೆಂದು ಕಾನೂನು ಮಾಡಿದ್ದ. ಅಂದರೆ 92.5 ಎಂಬುದು ಕಲಬೆರಕೆಯ ಗುರುತಲ್ಲ. ಗಟ್ಟಿತನ ಬೇಕೆಂದೇ, ತಿಳಿದೇ ಮಾಡಿದ ಮಿಶ್ರಣ ಅದು. ಬೆಳ್ಳಿಯ ಬಾಳಿಕೆ, ಕಪ್ಪಾಗುವ ಗುಣ, ಬೆಸುಗೆಯ ಕಷ್ಟ, ಈ ಮೂರರಲ್ಲೂ ಆ ಏಳೂವರೆ ಪಾಲು ತಾಮ್ರದ ಕೈವಾಡವಿದೆ.

ಜರ್ಮನ್ ಸಿಲ್ವರ್ ಬೇರೆಯೇ ಕಥೆ. ಪೂಜೆಯ ತಟ್ಟೆಯಿಂದ ಹಿಡಿದು ಆಕ್ಸಿಡೈಸ್ಡ್ ಜುಮಕಿಯವರೆಗೆ ಈ ಹೆಸರು ಓಡಾಡುತ್ತದೆ. ಅದರಲ್ಲಿ ಬೆಳ್ಳಿ ಒಂದು ಚೂರೂ ಇಲ್ಲ. ತಾಮ್ರ, ನಿಕ್ಕಲ್, ಸತು ಸೇರಿದ ಲೋಹ ಅದು. ನೋಡಲು ಚೆಂದ, ಬೆಲೆ ಕಡಿಮೆ, ತಟ್ಟೆಗೆ ದೀಪಕ್ಕೆ ಧಾರಾಳವಾಗಿ ಬಳಸಬಹುದು. ಕಿವಿಯ ತೂತಿನೊಳಗೆ ಹೋಗುವ ಕೊಕ್ಕೆಗೆ ಮಾತ್ರ ಬೇಡ. ನಿಕ್ಕಲ್ ಬೆವರಿನಲ್ಲಿ ಸ್ವಲ್ಪ ಸ್ವಲ್ಪವೇ ಕರಗಿ ಚರ್ಮಕ್ಕೆ ಇಳಿಯುತ್ತದೆ. ಕೆಲವರಿಗೆ ಕಿವಿ ತುರಿಸಿ, ಕೆಂಪಾಗಿ, ಕೀವು ಕೂಡ ಆಗುತ್ತದೆ. ಒಮ್ಮೆ ನಿಕ್ಕಲ್ ಅಲರ್ಜಿ ಅಂಟಿಕೊಂಡರೆ ಅದು ಬಹುಮಟ್ಟಿಗೆ ಜೀವನವಿಡೀ ಉಳಿಯುತ್ತದೆ. ಯುರೋಪಿನ ಒಕ್ಕೂಟ 1994ರಲ್ಲೇ ಇದಕ್ಕೆಂದು ನಿಯಮ ತಂದು, ಮೈಗೆ ತಾಗುವ ಒಡವೆಯಿಂದ ಎಷ್ಟು ನಿಕ್ಕಲ್ ಬಿಡುಗಡೆಯಾಗಬಹುದೆಂದು ಮಿತಿ ಹಾಕಿತು. ಚುಚ್ಚಿದ ತೂತಿನೊಳಗೆ ಹೋಗುವ ಭಾಗಕ್ಕೆ ಅಲ್ಲಿ ಉಳಿದ ಒಡವೆಗಿಂತ ಬಿಗಿಯಾದ ಮಿತಿಯಿದೆ.

ಹಳೆಯ ರೂಪಾಯಿಗಳನ್ನು ಪದಕ ಮಾಡುವವರಿಗೂ ಇದೇ ಎಚ್ಚರ ಬೇಕು. ಸಂಡೂರು ಕಡೆಯ ಲಂಬಾಣಿ ಹೆಂಗಸರ ಉಡುಪಿನಲ್ಲಿ, ಒಡವೆಯಲ್ಲಿ ಹಳೆ ನಾಣ್ಯಗಳು ಸಾಲಾಗಿ ತೂಗುತ್ತವೆ. ಆ ಚಂದಕ್ಕೆ ಮನಸೋತು ಸಂತೆಯಲ್ಲಿ ನಾಣ್ಯ ಹುಡುಕಿ, ತಲೆಗೊಂದು ಕೊಂಡಿ ಕೂರಿಸಿ ಸರ ಮಾಡುವವರು ಈಗ ಬಹಳ. ವಿಕ್ಟೋರಿಯಾ ರಾಣಿ, ಐದನೇ ಜಾರ್ಜ್ ಕಾಲದ ಒಂದು ರೂಪಾಯಿ 11.66 ಗ್ರಾಂ ತೂಗುತ್ತಿತ್ತು, ಅದರಲ್ಲಿ ಬೆಳ್ಳಿ ಶೇ 91.7. ಹೆಚ್ಚು ಕಡಿಮೆ ಸ್ಟರ್ಲಿಂಗಿನ ಪಕ್ಕದ ಮನೆ. ಎರಡನೇ ಮಹಾಯುದ್ಧ ಶುರುವಾಗಿ ಬೆಳ್ಳಿಗೆ ಬರ ಬಂದಾಗ, 1940ರಿಂದ ಬೆಳ್ಳಿಯ ಪಾಲನ್ನು ಅರ್ಧಕ್ಕೆ ಇಳಿಸಿದರು. ಉಳಿದದ್ದು ಶೇ 40 ತಾಮ್ರ, ಶೇ 5 ನಿಕ್ಕಲ್, ಶೇ 5 ಸತು. 1947ರ ರೂಪಾಯಿ ಬರೀ ನಿಕ್ಕಲ್. ಕಣ್ಣಿಗೆ ಮೂರೂ ಬೆಳ್ಳಿಯಂತೆಯೇ ಕಾಣುತ್ತವೆ. ಆದ್ದರಿಂದ ನಾಣ್ಯ ಕೊಳ್ಳುವವರು ಇಸವಿ ಓದಿ ಕೊಳ್ಳಬೇಕು. 1947ರದ್ದಾದರೆ ಅಯಸ್ಕಾಂತಕ್ಕೆ ತಟಕ್ಕನೆ ಅಂಟಿಕೊಳ್ಳುತ್ತದೆ.

ಅಯಸ್ಕಾಂತವನ್ನು ನಂಬಿ ಮೋಸ ಹೋಗುವ ದಾರಿಯೂ ಇದೆ. ಬೆಳ್ಳಿ ಅಯಸ್ಕಾಂತಕ್ಕೆ ಅಂಟುವುದಿಲ್ಲ ಎಂಬುದು ನಿಜ. ಆದರೆ ಹಿತ್ತಾಳೆ, ತಾಮ್ರ, ಸಾಮಾನ್ಯ ಜರ್ಮನ್ ಸಿಲ್ವರ್ ಯಾವುದೂ ಅಂಟುವುದಿಲ್ಲ. ಅಂಟದಿದ್ದ ಮಾತ್ರಕ್ಕೆ ಬೆಳ್ಳಿ ಎನ್ನಲಾಗದು. ಇನ್ನೊಂದು ಕಡೆ, ಒತ್ತಿದರೆ ಬಾಯಿ ತೆರೆಯುವ ಲಾಬ್‌ಸ್ಟರ್ ಕೊಂಡಿ ಅಪ್ಪಟ 92.5 ಆಗಿದ್ದರೂ ಕೊಂಚ ಅಂಟಬಹುದು, ಯಾಕೆಂದರೆ ಅದರ ಹೊಟ್ಟೆಯಲ್ಲಿ ಕೂದಲೆಳೆಯಷ್ಟು ಸಣ್ಣ ಉಕ್ಕಿನ ಸ್ಪ್ರಿಂಗ್ ಇರುತ್ತದೆ. ಅದನ್ನು ಕಂಡು ನಕಲಿ ಎಂದು ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಕಿಲ್ಲ.

ಮನೆಯಲ್ಲೇ ಮಾಡಬಹುದಾದ ಒಳ್ಳೆಯ ಪರೀಕ್ಷೆ ಒಂದಿದೆ. ಬೇಕಾದದ್ದು ಒಂದು ಗ್ರಾಮಿನ ನೂರನೇ ಪಾಲಿನವರೆಗೆ ತೋರಿಸುವ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ, ಒಂದು ಲೋಟ ನೀರು, ಒಂದೆಳೆ ದಾರ. ಮೊದಲು 20 ಗ್ರಾಂ ರಿಂಗುಗಳನ್ನು ತೂಗಿ ದಾರಕ್ಕೆ ಪೋಣಿಸಿಕೊಳ್ಳಬೇಕು. ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆ ಮಾಡಬೇಕು. ಆಮೇಲೆ ರಿಂಗುಗಳನ್ನು ದಾರದಲ್ಲಿ ಹಿಡಿದು, ತಳಕ್ಕೂ ಪಕ್ಕಕ್ಕೂ ತಾಗದಂತೆ ನೀರಿನೊಳಗೆ ಪೂರ್ತಿ ಇಳಿಬಿಡಬೇಕು. ತಕ್ಕಡಿ ತೋರಿಸುವುದು ರಿಂಗುಗಳು ಪಕ್ಕಕ್ಕೆ ಸರಿಸಿದ ನೀರಿನ ತೂಕ. ಸ್ಟರ್ಲಿಂಗ್ ಆಗಿದ್ದರೆ ಅದು 1.93 ಗ್ರಾಂ ಆಸುಪಾಸು ಇರುತ್ತದೆ. ತಾಮ್ರಕ್ಕೆ ಬೆಳ್ಳಿ ಲೇಪ ಕೊಟ್ಟದ್ದಾದರೆ 2.23ರ ಹತ್ತಿರ, ಜರ್ಮನ್ ಸಿಲ್ವರ್ 2.3, ಹಿತ್ತಾಳೆ 2.35. ಬೆಳ್ಳಿ ಇವೆಲ್ಲಕ್ಕಿಂತ ಸಾಂದ್ರವಾದ್ದರಿಂದ ಅಷ್ಟೇ ತೂಕಕ್ಕೆ ಕಡಿಮೆ ಜಾಗ ಹಿಡಿಯುತ್ತದೆ. ರಿಂಗುಗಳ ಸಂದಿಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡರೆ ಲೆಕ್ಕ ತಪ್ಪುತ್ತದೆ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಬಿಟ್ಟರೆ ಗುಳ್ಳೆ ನಿಲ್ಲುವುದಿಲ್ಲ. ಒಳಗೆ ಟೊಳ್ಳಿರುವ ಗುಂಡುಗಳಿಗೆ ಈ ವಿಧಾನ ಒಗ್ಗದು. 92.5ಕ್ಕೂ 99.9ಕ್ಕೂ ಇರುವ ವ್ಯತ್ಯಾಸ ಇದರಲ್ಲಿ ಗೊತ್ತಾಗುವುದಿಲ್ಲ. ಬೆಳ್ಳಿಯೋ ಅಲ್ಲವೋ ಎಂಬುದು ಮಾತ್ರ ಗೊತ್ತಾಗುತ್ತದೆ. ಕಲಿಯುವವರಿಗೆ ಅಷ್ಟು ಸಾಕು.

ಹಾಗಾದರೆ ಕೊಂಡಿಯ ಮೇಲಿರುವ 925 ಎಂಬ ಮುದ್ರೆ? ಅದು ತಯಾರಕರು ತಾವೇ ಒತ್ತಿಕೊಂಡದ್ದು, ಅವರ ಮಾತಷ್ಟೇ. ಭಾರತೀಯ ಮಾನಕ ಬ್ಯೂರೊದ ಹಾಲ್‌ಮಾರ್ಕ್ ಬೇರೆ. ಚಿನ್ನಕ್ಕೆ ಅದು 2021ರ ಜೂನ್‌ನಿಂದ ಹಂತ ಹಂತವಾಗಿ ಕಡ್ಡಾಯವಾಯಿತು. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಯ ಹಾಲ್‌ಮಾರ್ಕಿಗೂ ಅಕ್ಷರ, ಅಂಕಿ ಸೇರಿದ ಆರು ಸ್ಥಾನದ ಎಚ್‌ಯುಐಡಿ ಸಂಖ್ಯೆ ಬಂತು, ಆದರೆ ಕಡ್ಡಾಯ ಮಾಡದೆ ಮಾರುವವರ ಇಚ್ಛೆಗೇ ಬಿಟ್ಟರು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಬಹುದು. ಅಕ್ಕಿಕಾಳಿನಷ್ಟಿರುವ ರಿಂಗು, ಕೊಕ್ಕೆಗಳಲ್ಲಿ ಇಷ್ಟೆಲ್ಲ ಮುದ್ರೆಗೆ ಜಾಗವೆಲ್ಲಿ? ಹಾಗಾಗಿ ಬಿಡಿಭಾಗ ಕೊಳ್ಳುವವರಿಗೆ ಬಿಲ್ಲೇ ಆಧಾರ. ಬಿಲ್ಲಿನಲ್ಲಿ "92.5 ಬೆಳ್ಳಿ" ಎಂದೂ ತೂಕವನ್ನೂ ಬರೆಸಿಕೊಳ್ಳಬೇಕು. ಬರೆಯಲು ಹಿಂಜರಿಯುವ ಅಂಗಡಿಯಲ್ಲಿ ಕೊಳ್ಳದಿರುವುದೇ ಲೇಸು. ಹೆಚ್ಚು ಸರಕು ಕೊಳ್ಳುವವರು ಒಂದೆರಡು ತುಂಡನ್ನು ಪೇಟೆಯಲ್ಲಿ ಲೋಹದ ಶುದ್ಧತೆ ಅಳೆಯುವ ಟಂಚ್ ಅಂಗಡಿಗೆ ಕೊಟ್ಟು ಪರೀಕ್ಷೆ ಮಾಡಿಸುವುದುಂಟು.

ಇನ್ನು ದಪ್ಪದ ವಿಚಾರ. ಇಲ್ಲಿ ಹೊಸಬರು ಎಡವುವುದು ಗೇಜ್ ಎಂಬ ಲೆಕ್ಕದಲ್ಲಿ. ಯೂಟ್ಯೂಬಿನಲ್ಲಿ ಹೇಳಿಕೊಡುವವರಲ್ಲಿ ಅನೇಕರು ಅಮೆರಿಕದ ಗೇಜ್ ಹೇಳುತ್ತಾರೆ. ನಮ್ಮ ಪೇಟೆಯಲ್ಲಿ ಬ್ರಿಟಿಷ್ ಗೇಜ್ ಕೂಡ ಬಳಕೆಯಲ್ಲಿದೆ. 20 ಗೇಜ್ ಎಂದರೆ ಅಮೆರಿಕದ ಲೆಕ್ಕದಲ್ಲಿ 0.81 ಮಿಲಿಮೀಟರ್, ಬ್ರಿಟಿಷ್ ಲೆಕ್ಕದಲ್ಲಿ 0.91. ಕಿವಿಯ ತೂತಿಗೆ ಈ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಗುತ್ತದೆ. ಎರಡೂ ಗೇಜ್ ಮರೆತು ಮಿಲಿಮೀಟರಿನಲ್ಲೇ ಕೇಳುವುದು ಸುಲಭ. ಕಿವಿಯ ಕೊಕ್ಕೆಗೆ 0.8 ಮಿಮೀ ಹದವಾದ ದಪ್ಪ. 0.5ರ ತಂತಿ ಬಾಗುತ್ತದೆ, ಭಾರದ ಓಲೆಯಾದರೆ ತೂತನ್ನೇ ಕೊಯ್ದಂತೆ ಕೆಳಗೆಳೆಯುತ್ತದೆ. ಕೊಕ್ಕೆಯ ತುದಿಯನ್ನು ಬೆರಳ ತುದಿಯ ಮೇಲೆ ಎಳೆದು ನೋಡಬೇಕು. ಚೂರು ತರಚಿದಂತಾದರೂ ಉಜ್ಜಿ ನಯ ಮಾಡದೆ ಯಾರ ಕಿವಿಗೂ ಹಾಕಬಾರದು. ಹೊಸದಾಗಿ ಚುಚ್ಚಿಸಿದ ಕಿವಿಗೆ 92.5 ಬೆಳ್ಳಿಯೂ ಬೇಡ. ಗಾಯ ಮಾಯುವವರೆಗೆ ಚಿನ್ನದ ತಂತಿ ಹಾಕುವ ನಮ್ಮ ಮನೆಗಳ ರೂಢಿ ಸರಿಯಾದದ್ದೇ.

ರಿಂಗಿನ ಅಳತೆಯಲ್ಲೂ ಒಂದು ಕಣ್ಣಿರಬೇಕು. 5 ಮಿಮೀ ರಿಂಗು ಎಂದರೆ ಸಾಮಾನ್ಯವಾಗಿ ಹೊರಗಿನ ಅಳತೆ. ತಂತಿ 0.8 ಮಿಮೀ ಇದ್ದರೆ ಒಳಗೆ ಉಳಿಯುವುದು 3.4 ಮಿಮೀ. ಕೆಲವರು ಒಳ ಅಳತೆಯನ್ನೇ ಹೇಳಿ ಮಾರುತ್ತಾರೆ, ಕೇಳಿ ತಿಳಿಯಬೇಕು. ರಿಂಗನ್ನು ಬಿಡಿಸುವುದು ಕೈಚಳಕದ ಕೆಲಸ, ಇದನ್ನು ಮೊದಲ ದಿನವೇ ಸರಿಯಾಗಿ ಕಲಿಯಬೇಕು. ಎರಡೂ ಕೈಯಲ್ಲಿ ಒಂದೊಂದು ಇಕ್ಕಳ ಹಿಡಿದು, ಕೂಡುಗೆರೆಯ ಎರಡು ಬದಿಯಲ್ಲಿ ರಿಂಗನ್ನು ಕಚ್ಚಿಸಿ, ಒಂದು ತುದಿಯನ್ನು ತನ್ನ ಕಡೆಗೆ, ಇನ್ನೊಂದನ್ನು ಆಚೆಗೆ ತಿರುವಬೇಕು. ಎಡಕ್ಕೂ ಬಲಕ್ಕೂ ಎಳೆದು ಅಗಲಿಸಿದರೆ ದುಂಡು ಕೆಡುತ್ತದೆ, ಮತ್ತೆ ಅದು ಕೂಡುವುದೇ ಇಲ್ಲ. ಮುಚ್ಚುವಾಗ ತುದಿಗಳನ್ನು ಒಂದಿಷ್ಟು ದಾಟಿಸಿ ಹಿಂದಕ್ಕೆ ತಂದರೆ ಒಂದನ್ನೊಂದು ಉಜ್ಜಿಕೊಂಡು ಸಣ್ಣ ಸದ್ದಿನೊಂದಿಗೆ ಕೂರುತ್ತವೆ. ಬೆಳಕಿಗೆ ಹಿಡಿದರೆ ಸಂದಿ ಕಾಣಬಾರದು. ಒಂದೇ ರಿಂಗನ್ನು ಹತ್ತಾರು ಬಾರಿ ತೆರೆದು ಮುಚ್ಚಿದರೆ ಲೋಹ ಗಡಸಾಗಿ ಮುರಿಯುತ್ತದೆ. ಹಾಳಾದದ್ದನ್ನು ಒಂದು ಡಬ್ಬಿಗೆ ಹಾಕಿಟ್ಟರೆ ನಷ್ಟವೇನಿಲ್ಲ, ಬೆಳ್ಳಿಯ ಚೂರಿಗೂ ಪೇಟೆಯಲ್ಲಿ ತೂಕದ ಬೆಲೆಯುಂಟು.

ಮಣಿಸರ ಬಿದ್ದುಹೋಗುವುದಕ್ಕೆ ಮುಖ್ಯ ಕಾರಣ ಇಲ್ಲೇ ಇದೆ. ದಾರದ ತುದಿಯನ್ನು ಬೆಸುಗೆಯಿಲ್ಲದ ರಿಂಗಿಗೆ ಕಟ್ಟಿದರೆ, ಎಷ್ಟೇ ಬಿಗಿಯಾಗಿ ಮುಚ್ಚಿದ್ದರೂ ಕೂದಲಿನಷ್ಟು ತೆಳು ದಾರ ಒಂದಲ್ಲ ಒಂದು ದಿನ ಆ ಸಂದಿಯಿಂದ ಜಾರುತ್ತದೆ. ದಾರ ಕಟ್ಟುವ ಜಾಗದಲ್ಲಿ ಬೆಸುಗೆ ಹಾಕಿ ಮುಚ್ಚಿದ ರಿಂಗನ್ನೇ ಬಳಸಬೇಕು. ಬೆಳ್ಳಿಯ ಟೊಳ್ಳು ಗುಂಡುಗಳ ತೂತಿನ ಅಂಚು ಹರಿತವಾಗಿರುವುದೂ ಉಂಟು. ಹತ್ತಿಯ ದಾರವನ್ನು ಅದು ದಿನಾ ಚೂರು ಚೂರು ಕೊಯ್ಯುತ್ತಿರುತ್ತದೆ. ಭಾರದ ಸರಕ್ಕೆ ಪ್ಲಾಸ್ಟಿಕ್ ಹೊದಿಸಿದ, ಹಲವು ಎಳೆ ಹೆಣೆದ ಉಕ್ಕಿನ ತಂತಿ ಸಿಗುತ್ತದೆ. ಎಳೆಗಳು ಹೆಚ್ಚಿದ್ದಷ್ಟೂ ಅದು ಮೆತ್ತಗೆ ಬಳುಕುತ್ತದೆ: 7 ಎಳೆಯದ್ದು ಬಿರುಸು, 49 ಎಳೆಯದ್ದು ಕೊರಳಿಗೆ ಒಪ್ಪುವಂಥದ್ದು.

ಈಗ ಎಲ್ಲರೂ ಕೇಳುವ ಪ್ರಶ್ನೆ. ಬೆಳ್ಳಿ ಕಪ್ಪಾಯಿತು, ಹಾಗಾದರೆ ನಕಲಿಯೇ?

ಅಲ್ಲ. ಅಸಲಿ ಬೆಳ್ಳಿಯೇ ಕಪ್ಪಾಗುವುದು. ಗಾಳಿಯಲ್ಲಿ ಅತಿ ಸ್ವಲ್ಪ ಪ್ರಮಾಣದಲ್ಲಿರುವ ಗಂಧಕದ ಅನಿಲಗಳು ಬೆಳ್ಳಿಯ ಮೇಲ್ಮೈಯೊಡನೆ ಸೇರಿ ಬೆಳ್ಳಿಯ ಸಲ್ಫೈಡ್ ಎಂಬ ತೆಳು ಪದರ ಕಟ್ಟುತ್ತವೆ. ಪದರ ತೆಳುವಾಗಿದ್ದಾಗ ಹಳದಿ, ಬೆಳೆದಂತೆ ಕಂದು, ನೀಲಿಯ ಛಾಯೆ, ಕೊನೆಗೆ ಕಪ್ಪು. ಬೇಯಿಸಿದ ಮೊಟ್ಟೆ, ಈರುಳ್ಳಿ, ಉಣ್ಣೆ ಬಟ್ಟೆ, ರಬ್ಬರ್ ಬ್ಯಾಂಡ್ ಎಲ್ಲದರಲ್ಲೂ ಗಂಧಕವಿದೆ. ತೇವ ಇದನ್ನು ಚುರುಕುಗೊಳಿಸುತ್ತದೆ, ಆದ್ದರಿಂದ ಮಂಗಳೂರಿನಲ್ಲೋ ಮಲೆನಾಡಿನ ಮಳೆಗಾಲದಲ್ಲೋ ಬೀರುವಿನಲ್ಲಿಟ್ಟ ಬೆಳ್ಳಿ ಬೇಗ ಮಂಕಾಗುತ್ತದೆ. 92.5 ಬೆಳ್ಳಿಯಲ್ಲಿ ತಾಮ್ರದ ಪಾಲೂ ಸೇರಿ ಬಣ್ಣ ಗಾಢವಾಗುತ್ತದೆ. ತಾಮ್ರದ ಒಂದಂಶದ ಬದಲು ಜರ್ಮೇನಿಯಂ ಬೆರೆಸಿದ ಅರ್ಜೆಂಟಿಯಂ ಎಂಬ ಬೆಳ್ಳಿ 1990ರ ದಶಕದಲ್ಲಿ ಇಂಗ್ಲೆಂಡಿನ ಮಿಡಲ್‌ಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡಿತು. ಅದು ಕಪ್ಪಾಗುವುದು ನಿಧಾನ, ಆದರೆ ಆಗುವುದೇ ಇಲ್ಲವೆಂದಲ್ಲ.

ತೆಗೆಯುವುದು ಹೇಗೆ? ಹುಣಸೆಹಣ್ಣು ಹಿತ್ತಾಳೆ ದೀಪಕ್ಕೆ ರಾಮಬಾಣವಾದರೂ ಬೆಳ್ಳಿಯ ಕಪ್ಪಿಗೆ ಅಷ್ಟಕ್ಕಷ್ಟೆ. ಹುಣಸೆಯ ಹುಳಿ ತಾಮ್ರದ ಆಕ್ಸೈಡನ್ನು ಕರಗಿಸುತ್ತದೆ, ಬೆಳ್ಳಿಯ ಸಲ್ಫೈಡನ್ನು ಕರಗಿಸುವುದಿಲ್ಲ. ಬೆಸುಗೆ ಮುಗಿದ ಮೇಲೆ ಅಕ್ಕಸಾಲಿಗರು ಹುಣಸೆ ನೀರಿನಲ್ಲಿ ಒಡವೆ ಕುದಿಸುವುದಕ್ಕೆ ಅರ್ಥವಿದೆ, ಅಲ್ಲಿ ಬೆಂಕಿಗೆ ಕಪ್ಪಾದದ್ದು ತಾಮ್ರ. ಮನೆಯಲ್ಲಿ ಬೆಳ್ಳಿ ದೀಪಕ್ಕೆ ವಿಭೂತಿ ಹಚ್ಚಿ ಉಜ್ಜುವ ಅಜ್ಜಿಯಂದಿರ ಕ್ರಮದಲ್ಲಿ ಕಪ್ಪಿನ ಪದರವೇ ಸವೆದು ಹೋಗುತ್ತದೆ, ನಯವಾದ ಪುಡಿಯಾದ್ದರಿಂದ ಗೀರು ಕಡಿಮೆ. ಟೂತ್‌ಪೇಸ್ಟ್ ಮಾತ್ರ ಬೇಡ. ಅದರಲ್ಲಿ ಹಲ್ಲಿನ ಗಡಸಿಗೆ ಹೊಂದುವ ಉಜ್ಜುಪುಡಿ ಇರುತ್ತದೆ. ಬೆಳ್ಳಿ ಹಲ್ಲಿನ ಕವಚಕ್ಕಿಂತ ಎಷ್ಟೋ ಮೆತ್ತಗೆ. ಉಜ್ಜಿದಷ್ಟೂ ಹೊಳಪು ಸಾಯುತ್ತದೆ, ಬೆಳ್ಳಿ ಲೇಪದ ವಸ್ತುವಾದರೆ ಲೇಪವೇ ಹೋಗುತ್ತದೆ.

ಉಜ್ಜದೆ ತೆಗೆಯುವ ದಾರಿ ಅಡುಗೆಮನೆಯಲ್ಲೇ ಇದೆ. ಬೋಗುಣಿಗೆ ಅಲ್ಯೂಮಿನಿಯಂ ಹಾಳೆ ಹಾಸಿ, ಬೆಳ್ಳಿಯನ್ನು ಹಾಳೆಗೆ ತಾಗುವಂತೆ ಇಟ್ಟು, ಒಂದೆರಡು ಚಮಚ ಅಡುಗೆ ಸೋಡಾ, ಒಂದಿಷ್ಟು ಉಪ್ಪು ಹಾಕಿ ಬಿಸಿನೀರು ಸುರಿಯಬೇಕು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಕೆಲಸ ಆಗುತ್ತಿದೆ ಎಂದರ್ಥ. ಇಲ್ಲಿ ಬೆಳ್ಳಿ ಸವೆಯುವುದಿಲ್ಲ. ಗಂಧಕ ಬಿಟ್ಟುಹೋಗಿ ಸಲ್ಫೈಡಿನಲ್ಲಿದ್ದ ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಸರಳ ಸರಪಳಿ, ರಿಂಗು, ಕೊಕ್ಕೆಗಳಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಮುತ್ತು, ಹವಳ, ಅಂಟಿನಿಂದ ಕೂರಿಸಿದ ಹರಳು, ಟೊಳ್ಳು ಗುಂಡು ಇದ್ದರೆ ಬೇಡವೇ ಬೇಡ. ಚಿತ್ತಾರದ ಸಂದಿಯಲ್ಲಿ ಬೇಕೆಂದೇ ಕಪ್ಪು ಬಿಟ್ಟ ಆಂಟಿಕ್ ಒಡವೆಗೂ ಬೇಡ, ಯಾಕೆಂದರೆ ಆ ಕಪ್ಪೂ ಗಂಧಕ ಕೊಟ್ಟು ಬರಿಸಿದ ಸಲ್ಫೈಡೇ, ಕೊಳೆಯ ಜೊತೆಗೆ ಕಲೆಯೂ ತೊಳೆದುಹೋಗುತ್ತದೆ. ಅಂಗಡಿಯಲ್ಲಿ ಸಿಗುವ ಅದ್ದಿ ತೆಗೆಯುವ ದ್ರಾವಣಗಳಲ್ಲಿ ಸಾಮಾನ್ಯವಾಗಿ ಆಮ್ಲ ಮತ್ತು ಥಯೋಯೂರಿಯ ಇರುತ್ತವೆ. ಕೈಗವಸು ಹಾಕಿ, ಕ್ಷಣಮಾತ್ರ ಅದ್ದಿ, ಚೆನ್ನಾಗಿ ತೊಳೆಯುವ ಶಿಸ್ತಿದ್ದವರಿಗೆ ಮಾತ್ರ ಅವು.

ಬೀದರ್‌ನ ಬಿದ್ರಿ ಪದಕ, ಓಲೆಗಳು ಈಗ ಮಾರುಕಟ್ಟೆಯಲ್ಲಿವೆ, ಅವುಗಳ ಆರೈಕೆಯನ್ನು ಪ್ರತ್ಯೇಕವಾಗಿ ತಿಳಿಯಬೇಕು. ಬಿದ್ರಿಯ ಮೈ ಬೆಳ್ಳಿಯಲ್ಲ, ಹೆಚ್ಚು ಸತು ಮತ್ತು ಸ್ವಲ್ಪ ತಾಮ್ರ ಸೇರಿದ ಲೋಹ. ಅದರಲ್ಲಿ ಕೊರೆದ ಗೆರೆಗೆ ಬೆಳ್ಳಿ ತಂತಿ ಬಡಿದು ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರದ ಲೇಪ ಕೊಟ್ಟಾಗ ಮೈ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆಮ್ಲದ ದ್ರಾವಣಕ್ಕೆ ಅದ್ದಿದರೆ ಸತು ತಿಂದುಹೋಗಿ ಆ ಕಪ್ಪು ಮಸುಕಾಗುತ್ತದೆ. ಮೆತ್ತನೆಯ ಒಣಬಟ್ಟೆ, ಒಂದು ಹನಿ ಎಣ್ಣೆ, ಅಷ್ಟೇ ಸಾಕು.

ಇಡುವ ರೀತಿ ಸರಳ. ದಿನಾ ಹಾಕಿಕೊಳ್ಳುವ ಬೆಳ್ಳಿ ಮೈಗೆ ಬಟ್ಟೆಗೆ ಉಜ್ಜಿಕೊಂಡು ತಾನೇ ಹೊಳೆಯುತ್ತಿರುತ್ತದೆ. ಹಾಕದ್ದನ್ನು ಒರೆಸಿ, ಒಣಗಿಸಿ, ಒಂದೊಂದನ್ನೂ ಬೇರೆ ಬೇರೆ ಜಿಪ್ ಕವರಿನಲ್ಲಿ ಗಾಳಿ ಹೊರದೂಡಿ ಮುಚ್ಚಬೇಕು. ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ. ರಿಂಗುಗಳ ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಬಾರದು. ಈಜುಕೊಳದ ಕ್ಲೋರಿನ್ ನೀರಿಗೂ ಸಮುದ್ರಕ್ಕೂ ಇಳಿಯುವ ಮುನ್ನ ತೆಗೆದಿಡಬೇಕು.

ಕೆಲವು ತಿಂಗಳಲ್ಲಿ ಕೈ ಕುದುರಿದವರು ಬೆಸುಗೆಗೂ ಆಸೆಪಡುತ್ತಾರೆ. ಅದನ್ನು ಬರಹ, ವಿಡಿಯೊ ನೋಡಿ ಕಲಿಯುವುದಕ್ಕಿಂತ ಕುಲುಮೆಯ ಮುಂದೆ ಕೂರುವ ಅಕ್ಕಸಾಲಿಗರ ಬಳಿ ಹೋಗಿ ಕಲಿಯುವುದೇ ಸರಿ. ಎರಡು ಮಾತು ಮಾತ್ರ ಮೊದಲೇ ತಿಳಿದಿರಲಿ. ಚಿನ್ನದಲ್ಲಿ ಕೆಡಿಎಂ ಎಂದು ಮನೆಮಾತಾಗಿದ್ದ ಕ್ಯಾಡ್ಮಿಯಂ ಕೆಲವು ಬೆಳ್ಳಿ ಬೆಸುಗೆಯಲ್ಲೂ ಇರುತ್ತದೆ, ಅದರ ಹೊಗೆ ಶ್ವಾಸಕೋಶಕ್ಕೂ ಮೂತ್ರಪಿಂಡಕ್ಕೂ ವಿಷ. ಕ್ಯಾಡ್ಮಿಯಂ ಇಲ್ಲದ್ದನ್ನೇ ಕೇಳಿ ಕೊಳ್ಳಬೇಕು. ಸ್ಪ್ರಿಂಗ್ ಇರುವ ಕೊಂಡಿಗೆ ಬೆಂಕಿ ತೋರಿಸಿದರೆ ಸ್ಪ್ರಿಂಗ್ ಸತ್ತುಹೋಗುತ್ತದೆ, ಅದನ್ನು ಕೊನೆಯಲ್ಲಿ ರಿಂಗಿನಿಂದಲೇ ಜೋಡಿಸಬೇಕು.

ಇಷ್ಟೆಲ್ಲ ಕೇಳಿದ ಮೇಲೂ ಬೆಳ್ಳಿ ದುಬಾರಿ ಎಂದು ಹಿತ್ತಾಳೆಯ ಕೊಕ್ಕೆಗೆ ಬೆಳ್ಳಿ ಲೇಪ ಕೊಟ್ಟದ್ದನ್ನೇ ಹಾಕುವವರಿದ್ದಾರೆ. 2025ರಲ್ಲಿ ಬೆಳ್ಳಿ ಕಿಲೋಗೆ ಒಂದೂವರೆ ಲಕ್ಷ ರೂಪಾಯಿ ದಾಟಿದ್ದು ನಿಜ. ಲೆಕ್ಕ ಹಾಕಿ ನೋಡೋಣ. 0.8 ಮಿಮೀ ದಪ್ಪದ, ಐದು ಸೆಂಟಿಮೀಟರ್ ತಂತಿಯಿಂದ ಒಂದು ಕೊಕ್ಕೆಯಾಗುತ್ತದೆ, ತೂಕ ಕಾಲು ಗ್ರಾಮಿಗೆ ತುಸು ಮೇಲೆ. ಜೋಡಿಗೆ ಅರ್ಧ ಗ್ರಾಂ ಚಿಲ್ಲರೆ. ಗ್ರಾಮಿಗೆ 150 ರೂಪಾಯಿಯಾದರೆ ಲೋಹದ ಬೆಲೆ 80 ರೂಪಾಯಿ. ದರ ಇಮ್ಮಡಿಯಾದರೂ 160. ಮೇಲೊಂದಿಷ್ಟು ಮಜೂರಿ. ನೂರಾರು ರೂಪಾಯಿಯ ಓಲೆಯಲ್ಲಿ ಉಳಿತಾಯ ಮಾಡಬೇಕಾದ ಜಾಗ ಇದಲ್ಲ. ಪದಕ ಮಣ್ಣಿನದಿರಲಿ, ದಾರದ್ದಿರಲಿ, ಕಿವಿಯೊಳಗೆ ಹೋಗುವ ಭಾಗ ಒಳ್ಳೆಯ ಲೋಹದ್ದಾಗಿರಬೇಕು.

ಒಡವೆ ಮಾಡಿ ಮಾರುವ ಎಲ್ಲರಲ್ಲೂ ಒಂದು ಕೋರಿಕೆ. ಪ್ರತಿ ಜೋಡಿ ಓಲೆಯ ಜೊತೆ ಒಂದು ಚೀಟಿ ಇಡಿ. ಕೊಕ್ಕೆ ಯಾವ ಲೋಹದ್ದು, ನಿಕ್ಕಲ್ ಇದೆಯೋ ಇಲ್ಲವೋ, ಕಪ್ಪು ಬೇಕೆಂದೇ ಬಿಟ್ಟದ್ದೋ, ನೀರು ಸೋಡಾ ತಾಗಬಹುದೋ ಬಾರದೋ, ಈ ನಾಲ್ಕು ವಿಷಯಗಳನ್ನು ಕನ್ನಡದಲ್ಲಿ ಬರೆದು ಕೊಡಿ. ಕೊಳ್ಳುವವರೂ ಆ ಚೀಟಿಯನ್ನು ಕೇಳಿ ಪಡೆಯಿರಿ.